ಯಲ್ಲಯ್ಯನ ಲಾಟೀನು

೧೪ ಮಾರ್ಚ್ ೧೯೭೮, ಮಂಗಳವಾರ

ಈಗಷ್ಟೇ ಸ್ನಾನ ಮುಗಿಸಿ ಕೂತೆ. ಬರೆಯಬಹುದು.

ಜಯನಗರದ ಒಳಚರಂಡಿ ಕಟ್ಟಿಕೊಂಡು ಇವತ್ತಿಗೆ ಮೂರು ದಿನ. ಮನೆಮನೆಯ ಬಚ್ಚಲಿಗೂ ಹೊಲಸು ನೀರು ವಾಪಸ್ ಬರುತ್ತಿತ್ತು. ಬೆಳಿಗ್ಗೆ ಮ್ಯಾನ್‌ಹೋಲ್ ಸುತ್ತ ಜನ ಸೇರಿ, "ಏನ್ ಇಂಜಿನಿಯರ್ರೀ ನೀವು?" ಎಂದು ಬೈದರು. ನನಗೂ ರೇಗಿತ್ತು. ಮುಚ್ಚಳ ತೆಗೆದ ಕೂಡಲೇ ಯಲ್ಲಯ್ಯನಿಗೆ, "ಬೇಗ ಇಳಿಯಪ್ಪ" ಎಂದೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವನು ಅವನು.

"ಮೊದ್ಲು ದೀಪ ಇಳೀಲಿ ಸಾರ್, ಆಮೇಲೆ ನಾನು" ಎಂದ.

ಆಫೀಸಿನ ಲಾಟೀನಿನ ಗಾಜು ಒಡೆದು ತಿಂಗಳಾಯಿತು. ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಅವನು ಮನೆಯ ಲಾಟೀನನ್ನೇ ತಂದಿದ್ದ. ಹಚ್ಚಿ, ಹಗ್ಗ ಕಟ್ಟಿ ಇಳಿಬಿಟ್ಟ. ಹತ್ತಡಿ ಹೋಗುವಷ್ಟರಲ್ಲಿ ದೀಪ ಸಣ್ಣಗಾಗಿ ಆರಿಹೋಯಿತು; ಕೆಳಗೆ ಉಸಿರಾಡುವ ಗಾಳಿಯೇ ಇಲ್ಲ. ಬೈಯುತ್ತಿದ್ದವರೂ ಎರಡು ಹೆಜ್ಜೆ ಹಿಂದೆ ಸರಿದರು. ನನ್ನ ಮಾತು ಕೇಳಿ ಅವನು ಇಳಿದಿದ್ದರೆ?

ಯಾರನ್ನೂ ಇಳಿಸಲಿಲ್ಲ. ಮೇಲಿನಿಂದಲೇ ಉದ್ದನೆಯ ಬಿದಿರಿನ ಸೀಳುಗಳನ್ನು ಕೊಳವೆಯೊಳಗೆ ತಳ್ಳಿ ತಳ್ಳಿ ಸಾಕಾಯಿತು. ಸಂಜೆ ಐದಕ್ಕೆ ಒಳಗೆ ಗುಡುಗುಡು ಸದ್ದು, ಕಟ್ಟಿ ನಿಂತಿದ್ದ ನೀರು ಇಳಿಯತೊಡಗಿತು. "ಹೋಯ್ತು ಸಾರ್, ಹೋಯ್ತು!" ಎಂದು ಯಲ್ಲಯ್ಯ ಕೂಗಿದ. ಅಲ್ಲೇ ರಸ್ತೆಯ ಮೇಲೆ ಕೂತುಬಿಟ್ಟೆ.

ಈಗ ನೋಡಿದರೆ ಅವನ ಲಾಟೀನು ನನ್ನ ಸೈಕಲ್ಲಿನ ಹ್ಯಾಂಡಲಿನಲ್ಲೇ ನೇತಾಡುತ್ತಿದೆ. ಗಡಿಬಿಡಿಯಲ್ಲಿ ನಾನೇ ಸಿಕ್ಕಿಸಿಕೊಂಡು ಬಂದಿದ್ದೇನೆ. ಸುದ್ದಗುಂಟೆಪಾಳ್ಯದ ಅವನ ಮನೆಗೆ ಕರೆಂಟಿಲ್ಲ, ಇರುವುದು ಇದೊಂದೇ ದೀಪ. ಕತ್ತಲಲ್ಲೇ ಉಂಡಿರುತ್ತಾನೆ. ಹೆಂಡತಿ ಕೆಂಪಕ್ಕ ನನಗೆ ಚೆನ್ನಾಗಿ ಬೈದಿರುತ್ತಾಳೆ.

ಬೈಯಲಿ. ಮನೆಯಲ್ಲಿ ಕೂತು ಉಂಡಿದ್ದಾನಲ್ಲ.