ಜೇನುಕಟ್ಟಿನ ಮೂರು ಹೂವು

ಸೋಮವಾರ, ಮಧ್ಯಾಹ್ನದ ಮೇಲೆ

ನನ್ನ ಹೆಂಡತಿಯ ತಮ್ಮನಿಗೆ,

ಅಲ್ಲಯ್ಯ, ಗೆದ್ದವನು ಸುಮ್ಮನೆ ಎದ್ದು ಹೋಗಬೇಕಿತ್ತು. ನಿನ್ನೆ ಕಾರ್ಡಿನಂಗಡಿಯ ಭಾನುವಾರದ ಆಟದಲ್ಲಿ ಅಷ್ಟೂ ಮೇಜಿನವರು ತಿರುಗಿ ನೋಡುವ ಹಾಗೆ, “ಭಾವ, ಅಕ್ಕನ ಡೆಕ್ಕು ನಿಮ್ಮ ಕೈಲಿ ಹಾಳಾಗ್ತಿದೆ, ನನಗೆ ಕೊಟ್ಟುಬಿಡಿ” ಅಂದೆಯಲ್ಲ, ಬೇಕಿತ್ತೇ? ನಿನ್ನ ಹಿಂದಿನ ಎರಡು ಕಾಗದಕ್ಕೂ ನಾನು ಉತ್ತರ ಬರೆದಿಲ್ಲ. ತಡವಾಯಿತು, ಕ್ಷಮಿಸು ಅನ್ನುವುದು ಪದ್ಧತಿ. ಅನ್ನುವುದಿಲ್ಲ. ವಿತ್ ರೆಫರೆನ್ಸ್ ಟು ಯುವರ್ ಡಿಮ್ಯಾಂಡ್, ದಿ ಆನ್ಸರ್ ಈಸ್ ನೋ. ಕಾಲೇಜಿನ ಇಂಗ್ಲಿಷಿನಲ್ಲಿ ಇಷ್ಟು ಉಳಿದಿದೆ, ನಿನಗೆ ಇಷ್ಟು ಸಾಕು.

ಮೊಣಕಾಲು ನೋವು ಹಾಗೇ ಇದೆ. ಮೇಲಿನ ಮನೆಯ ನರ್ಸಮ್ಮ ಬೆಳಿಗ್ಗೆ ಇಣುಕಿ, “ಏನ್ರೀ, ಈ ವಯಸ್ಸಲ್ಲಿ ಚಿತ್ರದ ಕಾರ್ಡು ಹರಡಿಕೊಂಡು ಕೂತಿದೀರಿ?” ಅಂದಳು. “ರಿಸರ್ಚು” ಅಂದೆ.

ನೀನು ತಿಳಿದಷ್ಟು ದಡ್ಡನಲ್ಲ ನಾನು. ನಿಮ್ಮಕ್ಕನ ಈ ಡೆಕ್ಕು, ಜೇನುಕಟ್ಟು, ಅಂದರೆ ಅರವತ್ತು ಕಾರ್ಡು. ಒಂದೊಂದು ಹುಳಕ್ಕೂ ಒಂದೇ ಪೆಟ್ಟಿನ ಶಕ್ತಿ, ಉಫ್ ಅಂದರೆ ಸಾಯುತ್ತದೆ. ಮೊದಲ ನಾಲ್ಕು ಸುತ್ತು ಹೊಡೆಸಿಕೊಳ್ಳುತ್ತಲೇ ಹುಳ ಇಳಿಸಬೇಕು. ಆಮೇಲೆ ರಾಣಿ ಬಂದಳೋ, ಮೇಜಿನ ಮೇಲಿನ ಪ್ರತಿ ಹುಳದ ಪೆಟ್ಟೂ ಮೂರಾಗುತ್ತದೆ. ಎದುರಿನವನು ಕನ್ನಡಕ ಸರಿಮಾಡಿಕೊಳ್ಳುವುದರೊಳಗೆ ಆಟ ಮುಗಿದಿರುತ್ತದೆ. ವೀಕ್‌ನೆಸ್ಸು ಎರಡು. ರಾಣಿ ಕಟ್ಟಿನ ತಳದಲ್ಲಿ ಕೂತರೆ ಕಾದು ಕಾದು ಸೋಲಬೇಕು. ಇನ್ನೊಂದು, ಹೊಗೆ. ಎದುರಾಳಿ ಒಂದು ಹೊಗೆಯ ಕಾರ್ಡು ಇಟ್ಟರೆ ಹುಳವೆಲ್ಲ ಒಟ್ಟಿಗೆ ಸತ್ತು, ರಾಣಿ ಒಬ್ಬಳೇ ಪಿಳಿಪಿಳಿ ನೋಡುತ್ತಾ ಕೂರುತ್ತಾಳೆ.

ನೀನು ನಾಲ್ಕು ಹೊಗೆ ತುಂಬಿಕೊಂಡು ಬಂದಿದ್ದೆ. ಬೇರೆ ಯಾರ ಮೇಲೂ ನಡೆಯದ ಕಾರ್ಡು, ನನಗೆಂದೇ ತಂದದ್ದು. ಉಂಡ ಮನೆಯ ಜಂತೆ ಎಣಿಸುವ ಜಾತಿ ನಿನ್ನದು. ಸರಿ, ಹೊಡೆದೆ. ಹೊಡೆದ ಮೇಲೆ ನನ್ನ ಮುಖ ನೋಡಿ, “ಹೂವು ಎಲ್ಲಿ ಭಾವ?” ಅಂತ ಯಾಕೆ ಕೇಳಿದೆ?

ತೆಗೆದುಹಾಕಿದ್ದೆ ಕಣಯ್ಯ. ಮೂವತ್ತೊಂದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕೈ ಇದು, ಸಾಲಿಗೆ ಸೇರದ್ದು ಕಂಡರೆ ತುರಿಸುತ್ತದೆ. ಐವತ್ತೇಳು ಜೇನಿನ ನಡುವೆ ಮೂರು ಕಾಡುಹೂವು. ಪೆಟ್ಟೂ ಇಲ್ಲ, ಪೊಗರೂ ಇಲ್ಲ. ನಿಮ್ಮಕ್ಕ ಚಂದ ಕಂಡಿತು ಅಂತ ಸೇರಿಸಿದಾಳೆ, ಪಾಪ, ಅಂದುಕೊಂಡು ಆ ಜಾಗಕ್ಕೆ ಮೂರು ಕಣಜದ ಹುಳ ಹಾಕಿದೆ. ನಿನ್ನೆ ಮನೆಗೆ ಬಂದು ಭೂತಗನ್ನಡಿ ಹಿಡಿದು ಹೂವಿನ ಕೆಳಗಿನ ಸಣ್ಣಕ್ಷರ ಓದಿದೆ. ಹೂವು ಮೇಜಿನ ಮೇಲಿದ್ದರೆ ಹೊಗೆಗೆ ಹುಳ ಸಾಯುವುದಿಲ್ಲ, ಆಡುವವರ ಕೈಗೆ ವಾಪಸ್ಸು ಬರುತ್ತದೆ. ಅಕ್ಷರ ಓದಿ ಅನ್ನ ಉಂಡವನು ಅದೊಂದನ್ನು ಓದಿರಲಿಲ್ಲ. ಪ್ರೂಫ್ ರೀಡರ್, ಫಸ್ಟ್ ಕ್ಲಾಸ್!

ಹಲ್ಲು ಕಿರಿಯಬೇಡ. ಹೂವು ಮತ್ತೆ ಕಟ್ಟಿನೊಳಗೆ ಹೋಗಿವೆ. ಮುಂದಿನ ಭಾನುವಾರ ಬಾ, ಇದ್ದಬದ್ದ ಹೊಗೆಯನ್ನೆಲ್ಲ ಹೊತ್ತುಕೊಂಡು ಬಾ. ಸೋತರೂ ಕಟ್ಟು ಕೊಡುವುದಿಲ್ಲ, ಈಗಲೇ ಹೇಳಿದ್ದೇನೆ.

ದೇವರು ನಿನಗೆ ಆಯುಸ್ಸು ಕೊಡಲಿ, ಮಿಕ್ಕರೆ ಬುದ್ಧಿಯನ್ನೂ ಕೊಡಲಿ.

ಇಂತು,
ನಿನ್ನ ಭಾವ

ಇನ್ನೊಂದು ಮಾತು. ನಿಮ್ಮಕ್ಕ ಆಸ್ಪತ್ರೆಯಲ್ಲಿದ್ದ ಆ ಕೊನೆಯ ಆರು ವಾರ ನೀನು ದಿನಾ ಸಂಜೆ ಹೋಗಿ, ಮಂಚಕ್ಕೆ ಊಟದ ಹಲಗೆ ಅಡ್ಡ ಹಾಕಿ ಆಡುತ್ತಿದ್ದೆ. ನಾನು ಕಾರಿಡಾರಿನಲ್ಲಿ ಪೇಪರು ಓದುತ್ತಿದ್ದೆ. ಒಂದು ದಿನ ನೀನು ಬರಲಿಲ್ಲ. “ನೀವಾದ್ರೂ ಒಂದು ಕೈ ಕೂತ್ಕೊಳ್ರೀ” ಅಂದಳು. “ಮಕ್ಕಳಾಟ ನನಗೆ ಬರಲ್ಲ” ಅಂದೆ. ಅವಳು, ನೀನು ಅಲ್ಲೇ ಬಿಟ್ಟಿದ್ದ ನಿನ್ನ ಹಳೆಯ ಕಟ್ಟನ್ನು ನಾನು ಕೂರಬೇಕಾದ ಕಡೆ ಇಟ್ಟು, ಎರಡೂ ಕೈ ತಾನೇ ಆಡಿದಳು. ಕೊನೆಗೆ, “ನೋಡಿ, ನೀವು ಗೆದ್ರಿ” ಅಂದಳು. ಆಗಲೂ ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳು ಹೇಗೆ ಆಡುತ್ತಿದ್ದಳು ಅನ್ನುವುದು ನಿನಗೊಬ್ಬನಿಗೇ ಗೊತ್ತು. ನಿನ್ನ ಮುಖ ಕಂಡರೆ ಆಗದಿರುವುದು ಅದಕ್ಕೆ. ಇನ್ನೂ ಬೈಯುವುದಿತ್ತು, ಕಿಟಕಿಯ ಬೆಳಕು ಹೋಗುತ್ತಿದೆ, ಸಾಲು ಕಾಣುತ್ತಿಲ್ಲ.