ಭಟ್ಟಿ ಆರುವ ವರ್ಷ

ಸೋಮವಾರ, ಮಧ್ಯಾಹ್ನ

ತಮ್ಮನಿಗೆ,

ಆಶೀರ್ವಾದ ಮಾಡುವಷ್ಟು ಸಮಾಧಾನ ಇಲ್ಲ. ಆದರೂ ಮಾಡಿದ್ದೇನೆ ಅಂದುಕೋ.

ನೀನು ಕಳಿಸಿದ ಕರಾರುಪತ್ರ ಹೊಲಿಗೆ ಮಿಷನ್ ಮೇಲೆ ಹಾಗೇ ಬಿದ್ದಿದೆ. ಸಹಿ ಹಾಕಿಲ್ಲ. ಅಪ್ಪ ನೆಟ್ಟ ಮರಗಳಲ್ಲಿ ನಿನಗೆಷ್ಟು ಪಾಲೋ ನನಗೂ ಅಷ್ಟೇ. ನಾನು ಒಪ್ಪದೆ ನಡೆಯುವುದಿಲ್ಲ.

ಸಿಮೆಂಟ್ ಕಾರ್ಖಾನೆಯವರು ಕೇಳುವುದೇನು? ಇಪ್ಪತ್ತು ವರ್ಷ ಮರ ಕಡಿಯಬೇಡಿ, ನಮ್ಮ ಹೊಗೆಯ ಇಂಗಾಲವನ್ನು ಅವು ಹಿಡಿದಿಟ್ಟುಕೊಳ್ಳಲಿ, ಅಷ್ಟನ್ನು ನಮ್ಮ ಲೆಕ್ಕದಿಂದ ಕಳೆಯುತ್ತೇವೆ ಅಂತ. ಅವರ ಆಫೀಸರ್ ಮನೆಗೇ ಬಂದಿದ್ದ. ಇಪ್ಪತ್ತು ವರ್ಷ ಆದಮೇಲೆ ಏನು ಅಂತ ಕೇಳಿದೆ. ನಿಮ್ಮಿಷ್ಟ, ಕಡಿದುಕೊಳ್ಳಿ ಅಂದ. ಕಡಿದು ಒಲೆಗೆ ಹಾಕಿದರೆ ಹಿಡಿದದ್ದೆಲ್ಲ ಮತ್ತೆ ಗಾಳಿಗೇ ಅಲ್ಲವೇನಪ್ಪಾ, ಹೊಗೆ ಉಗುಳುವ ನಿಮ್ಮ ಹಳೇ ಸಿಮೆಂಟ್ ಭಟ್ಟಿ ಆರೋದು ಯಾವಾಗ ಅಂದರೆ, ಅದು ಮೇಲಿನವರಿಗೆ ಬಿಟ್ಟದ್ದು ಅಂತ ನಕ್ಕ. ಮೂಗಿಗೆ ತುಪ್ಪ ಸವರಲು ಬಂದಿದ್ದ. ಟೀ ಕೂಡ ಕೊಡದೆ ಕಳಿಸಿದೆ.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇದೆಲ್ಲ ಯಾಕಕ್ಕಾ ಅಂತ ಫೋನಿನಲ್ಲಿ ಹಂಗಿಸಿದೆಯಲ್ಲ, ಕೇಳು. ಇಪ್ಪತ್ತು ವರ್ಷ ಹಿಡಿದಿಡುವುದು ದಂಡ ಅಂತ ನಾನು ಹೇಳುವುದಿಲ್ಲ. ಸೂರು ಸೋರಿದರೆ ಕೆಳಗೆ ಪಾತ್ರೆ ಇಡಲೇಬೇಕು. ಇಟ್ಟು ಮಗ್ಗುಲು ಬದಲಿಸಿ ಮಲಗಿದರೆ ಏನು ಬಂತು, ಯಾರಾದರೂ ಏಣಿ ಹತ್ತಬೇಡವೇ? ಇವರು ನಮ್ಮ ಪಾತ್ರೆ ತೋರಿಸಿ ಮಲಗುವವರು.

ನನ್ನ ಮಾತು ಇಷ್ಟೇ. ಹಳೇ ಭಟ್ಟಿಯನ್ನು ಹತ್ತು ವರ್ಷದೊಳಗೆ ಆರಿಸುತ್ತೇವೆ ಅಂತ ಅದೇ ಕರಾರಿನಲ್ಲಿ ಬರೆಯಲಿ. ಅಂದೇ ಸಹಿ ಹಾಕುತ್ತೇನೆ, ನಾನು ಸಾಯುವವರೆಗೆ ಕೊಡಲಿಯ ಮಾತೂ ಎತ್ತುವುದಿಲ್ಲ. ಬರೆಯದಿದ್ದರೆ ನೀನು ತಲೆಕೆಳಗಾಗಿ ನಿಂತರೂ ಇಲ್ಲ.

ನನ್ನ ಮಗನ ಅನ್ನಕ್ಕೆ ನಾನೇ ಕಲ್ಲು ಹಾಕುತ್ತಿದ್ದೇನೆ ಅಂತಲೂ ನೀನು ಅಂದೆ. ಮೀಸೆ ಚಿಗುರುವಾಗಲೇ ಆ ಭಟ್ಟಿಯ ಮುಂದೆ ಕೆಲಸಕ್ಕೆ ನಿಂತವನು ಅವನು. ಅವನ ಅಂಗಿಯ ಬೂದಿ ಒಗೆಯುವವಳು ನಾನು, ನಿನಗೇನು ಗೊತ್ತು. ಅದಕ್ಕೇ ನಾಳೆಯೇ ಆರಿಸಿ ಅನ್ನಲಿಲ್ಲ, ಹತ್ತು ವರ್ಷ ಅಂದೆ. ಅಷ್ಟರಲ್ಲಿ ಅಲ್ಲಿ ದುಡಿಯುವವರಿಗೆಲ್ಲ ಬೇರೆ ಕೆಲಸ ಕಲಿಸುವುದನ್ನೂ ಅದರಲ್ಲೇ ಬರೆಸು. ಮಾತಾಡುವುದು ನಿನಗೆ ಚೆನ್ನಾಗಿ ಬರುತ್ತದಲ್ಲ, ಕಾರ್ಖಾನೆಯವರ ಹತ್ತಿರ ಆಡು.

ಇಂತಿ,
ನಿನ್ನ ಸಿಡುಕು ಅಕ್ಕ

ತಾ.ಕ.: ಇದನ್ನೆಲ್ಲ ಈಗ ತಾನೇ ಮಗನಿಗೆ ಓದಿ ಹೇಳಿದೆ. ಕೆಲಸಕ್ಕೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾನೆ. ಅಂಚೆ ಡಬ್ಬಿ ಇರುವುದು ಕಾರ್ಖಾನೆಯ ಗೇಟಿನ ಪಕ್ಕ. ಕಾಗದವನ್ನು ಅವನ ಕೈಗೇ ಕೊಡುತ್ತೇನೆ. ಹಾಕುವುದು, ಹರಿಯುವುದು ಅವನಿಗೆ ಬಿಟ್ಟದ್ದು. ನೀನು ಇದನ್ನು ಓದುತ್ತಿದ್ದೀಯ ಅಂದರೆ, ಅವನು ಹರಿದಿಲ್ಲ.