ಒರೆಸಿಹಾಕಿದ ಹನ್ನೆರಡು ಚಾನೆಲ್

ಮಾರ್ಚ್ 9, ಮಧ್ಯಾಹ್ನ 2.10

ಹಿತ್ತಲಲ್ಲಿ ನೀರೆತ್ತುವ ಗಾಳಿಯಂತ್ರದ ಕಿರುಗುಟ್ಟುವ ಸದ್ದಿಗೆ ಎಚ್ಚರ. ಕಣ್ಣು ಮುಚ್ಚಿ ಹತ್ತು ನಿಮಿಷವೂ ಆಗಿರಲಿಲ್ಲ. ಲಿಂಡಿ ಅಳುತ್ತಿದ್ದಾಳೆ. ನನ್ನ ಆರು ವಾರದ ಕೂಸು. ಎದೆಹಾಲು ಹಿಂಡುವ ಪಂಪ್ ಹಿಡಿದು ಕೂತೆ. ಅರ್ಧ ಗಂಟೆಗೆ ಬಾಟಲಿಯ ತಳ ಮುಚ್ಚುವಷ್ಟು ಹಾಲು. ಬತ್ತುತ್ತಿದೆ...

ನನ್ನ ಥೀಸಿಸ್ಸಿನ ಗ್ಯಾಲಕ್ಸಿಯದೂ ಇದೇ ಪಾಡು. ನಕ್ಷತ್ರಗಳನ್ನು ಹೆರುತ್ತಲೇ ಇದೆ. ಒಳಗಿನ ಹೈಡ್ರೋಜನ್ ನೂರು ಕೋಟಿ ವರ್ಷಕ್ಕೂ ಸಾಲದು. ಹೊರಗಿನಿಂದ ಅನಿಲ ಬಂದು ಬೀಳುತ್ತಿರಬೇಕು. ಕಾಣಲಿಲ್ಲ. "ಪೂರೈಕೆ ಇಲ್ಲ" ಎಂದು ಬರೆದು ಮುಗಿಸಿದೆ. ಮೂಲ ಡೇಟಾ ಅಳಿಸಬಹುದು ಎಂದು ಸಹಿಯನ್ನೂ ಹಾಕಿದೆ. ಡಿಸ್ಕಿನಲ್ಲಿ ಜಾಗವಿಲ್ಲ, ಹದಿನೈದರ ಬೆಳಿಗ್ಗೆ ಆರಕ್ಕೆ ಅಳಿಸುತ್ತಾರೆ. ಅಳಿಸುವವನು ನನ್ನ ಗಂಡನೇ. ಲುಯೋಲೋಗೆ ಈ ವಾರವಿಡೀ ರೇಡಿಯೋ ಟೆಲಿಸ್ಕೋಪಿನಲ್ಲಿ ರಾತ್ರಿಪಾಳಿ, ವಾಸವೂ ಅಲ್ಲೇ. ಸಿಗ್ನಲ್ ಅಡ್ಡ ಬರುತ್ತದೆಂದು ಅಲ್ಲಿಗೆ ಮೊಬೈಲ್ ಒಯ್ಯುವಂತಿಲ್ಲ.

ಮಾರ್ಚ್ 10

ಪಕ್ಕದ ಮನೆಯ ಕತ್ರೀನಾ ತಾನ್ನಿ, ಊರಿಗೆಲ್ಲ ಚಿಕ್ಕಮ್ಮ, ಕುರಿ ಸಾರು ತಂದಿದ್ದರು. ಬಾಟಲಿ ತೋರಿಸಿ ಅತ್ತುಬಿಟ್ಟೆ.

"ಇಷ್ಟು ಓದಿದೀಯಲ್ಲೇ ಹುಡುಗಿ. ಮಗು ನೇರವಾಗಿ ಕುಡಿದಿದ್ದು ನಿನ್ನ ಬಾಟ್ಲಿಗೆ ಹೇಗೆ ಬೀಳುತ್ತೆ? ಆ ಪಂಪನ್ನ ನಮ್ಮ ಮೇಕೆಗೆ ಹಾಕು, ಅದೂ ಒದೆಯುತ್ತೆ."

ನಂಬಲಿಲ್ಲ.

ಮಾರ್ಚ್ 14, ಸಂಜೆ 5

ಕ್ಲಿನಿಕ್. ಎರಡು ವಾರದಲ್ಲಿ ಲಿಂಡಿ ನಾನೂರು ಗ್ರಾಂ ಹೆಚ್ಚಿದ್ದಾಳೆ! ನರ್ಸ್ ಕೈಯಲ್ಲಿ ಎರಡು ಸಲ ತೂಗಿಸಿದೆ. ಹಾಲು ಬರುತ್ತಲೇ ಇತ್ತು, ನಾನು ಅಳೆಯದ ಕಡೆ.

ಅಳೆಯದ ಕಡೆ... ನಡುದಾರಿಯಲ್ಲಿ ಕಾಲು ನಿಂತಿತು.

ನಮ್ಮದೇ ಆಕಾಶಗಂಗೆಯ ಅನಿಲ ಅಡ್ಡ ಬರುತ್ತದೆಂದು ಡೇಟಾದಲ್ಲಿ ಹನ್ನೆರಡು ಚಾನೆಲ್, ಅಂದರೆ ಹನ್ನೆರಡು ಸಣ್ಣ ತರಂಗಪಟ್ಟಿಗಳನ್ನು, ನೋಡದೆಯೇ ಒರೆಸಿಹಾಕುತ್ತೇವೆ. ಎಲ್ಲರೂ ಮಾಡುವುದೇ. ಆದರೆ ನನ್ನ ಗ್ಯಾಲಕ್ಸಿ ತೀರ ಹತ್ತಿರದ್ದು, ಅದರ ಸಂಕೇತವೂ ಅದೇ ಪಟ್ಟಿಗಳಲ್ಲಿ ಬೀಳುತ್ತದೆ. ಅದರೊಳಕ್ಕೆ ಬೀಳುವ ಅನಿಲವಿದ್ದರೆ ಆ ಹನ್ನೆರಡರಲ್ಲೇ ಇರಬೇಕು. ನನ್ನ ಬಳಿಯಿರುವುದು ಒರೆಸಿದ ಪ್ರತಿ. ಒರೆಸದ್ದು ಟೆಲಿಸ್ಕೋಪಿನ ಡಿಸ್ಕಿನಲ್ಲಿ ಮಾತ್ರ — ನಾಳೆ ಬೆಳಿಗ್ಗೆ ಆರರವರೆಗೆ.

ಸಂಜೆ 6.40

ಕಂಟ್ರೋಲ್ ರೂಮಿನ ಲ್ಯಾಂಡ್‌ಲೈನಿಗೆ ಆರು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಮೇಲ್ ಹಾಕಿದೆ; ಪಾಳಿ ಮುಗಿಯುವವರೆಗೆ ಲುಯೋಲೋ ತೆರೆಯುವುದಿಲ್ಲ. ಏಳಕ್ಕೆ ಟೆಲಿಸ್ಕೋಪಿಗೆ ಊಟದ ವ್ಯಾನ್ ಹೊರಡುತ್ತದೆ. ಡ್ರೈವರ್ ದಾವಿದ್ ಊಮ್, ಇವರು ಊರಿಗೆಲ್ಲ ಚಿಕ್ಕಪ್ಪ, ಬಾಗಿಲಲ್ಲೇ ನಿಂತಿದ್ದಾರೆ. "ಗಂಡನಿಗೆ ಪ್ರೇಮಪತ್ರನಾ? ಡಬ್ಬಿ ಮೇಲೇ ಇಡ್ತೀನಿ, ಮೊದಲು ಅದಕ್ಕೇ ಕೈ ಹಾಕೋದು ಅವನು."

ಡೈರಿಯ ಈ ಹಾಳೆಯನ್ನೇ ಹರಿದು ಕಳಿಸುತ್ತಿದ್ದೇನೆ.

ಲುಯೋಲೋ, ಮೇಲಿನದ್ದೂ ಓದು. ಅಳಿಸಬೇಡ. ನನ್ನ ಸಹಿ ತಪ್ಪು. ಅಳಿಸಿಲ್ಲ ಎಂದು ಒಂದು ಮಾತು ಹೇಳು ಸಾಕು. ಮಗು ಎದ್ದೀತೆಂದು ಸಂಕೋಚಪಡಬೇಡ, ನಾನು ಹೇಗೂ ಎದ್ದೇ ಇರುತ್ತೇನೆ. ಎಷ್ಟು ಹೊತ್ತಾದರೂ ಸರಿ. ಬೆಳಗಾಗುವ ಮೊದಲು ಫೋನ್ ಮಾಡು, ದಮ್ಮಯ್ಯ, ಆರಕ್ಕಿಂತ ಮೊದಲು ಒಂದೇ ಒಂದು ಸಲ.